ಎರಡು ಗಂಟೆಯ ನಿಯಮ

ಸರ್ವರ್ ಮತ್ತೆ ಬಿತ್ತು. ಬೆಳಿಗ್ಗೆಯಿಂದ ಇದು ಹನ್ನೊಂದನೆಯ ಸಲ.

ಕಗ್ಗದಾಸಪುರದ ಬಾಡಿಗೆ ಕೋಣೆಯಲ್ಲಿ ಕುಳಿತ ಶರಣಬಸವ ಗಡಿಯಾರ ನೋಡಿದ. ನಾಲ್ಕು ಇಪ್ಪತ್ತು. ಐದೂವರೆಗೆ ಅರ್ಜಿ ಹಾಕುವ ಅವಧಿ ಮುಗಿಯುತ್ತದೆ. ಸರ್ಕಾರಿ ನರ್ಸ್ ಹುದ್ದೆಗಳಿಗೆ ರಾಜ್ಯದ ಸಾವಿರಾರು ಮಂದಿ ಅರ್ಜಿ ತುಂಬುತ್ತಿದ್ದದ್ದು ಆ ಸರ್ವರಿನಲ್ಲಿ. ಅದನ್ನು ದೂರದಿಂದಲೇ ಕಾಯುವುದು ಅವನ ಕೆಲಸ. ಪರದೆಯ ಮೇಲೆ ಮೆಮೊರಿ ಬಳಕೆಯ ಹಸಿರು ಗೆರೆ ಏರುತ್ತದೆ. ಕೆಂಪು ಮಿತಿಯನ್ನು ಮುಟ್ಟಿದರೆ ಎಲ್ಲವೂ ಸ್ತಬ್ಧ. ಮತ್ತೆ ಎಬ್ಬಿಸಲು ಹತ್ತು ನಿಮಿಷ ಬೇಕು.

ಫೋನ್ ಬಡಿದುಕೊಂಡಿತು. ಇಂದಿರಾನಗರದ ಆಫೀಸಿನಿಂದ ಮ್ಯಾನೇಜರ್ ಕಲೀಮುಲ್ಲಾ.

"ಶರಣು, ಏನಪ್ಪಾ ಇದು? ಹೆಲ್ಪ್‌ಲೈನ್‌ನಲ್ಲಿ ಹುಡುಗೀರು ಅಳ್ತಿದಾರೆ. ಹೋದ್ ವರ್ಷ ಇದರ ಡಬಲ್ ಜನ ಬಂದ್ರೂ ಒಂದ್ಸಲಾನೂ ಬಿದ್ದಿರ್ಲಿಲ್ಲ!"

"ಎಬ್ಬಿಸ್ತಿದೀನಿ ಸಾರ್."

"ದತ್ತು ಇಲ್ಲೇ ಖಾಲಿ ಕೂತಿದಾನೆ. ಅವನೂ ಲಾಗಿನ್ ಆಗ್ಲಾ?"

"ಬೇಡ ಸಾರ್. ಇಬ್ರು ಕೈ ಹಾಕಿದ್ರೆ ಇನ್ನೂ ಕೆಡುತ್ತೆ."

"ನಿಯಮ ನೆನಪಿದೆ ತಾನೆ? ಕೊನೇ ದಿನ ಒಟ್ಟು ಎರಡು ಗಂಟೆ ನಿಂತ್ರೆ, ನೇಮಕಾತಿ ಮಂಡಳಿಯೋರು ಮೂರು ದಿನ ಮುಂದೂಡ್ತಾರೆ. ಆಮೇಲೆ ನಮ್ಮ ತಲೆ ಕೇಳ್ತಾರೆ."

ನೆನಪಿತ್ತು. ಪರದೆಯ ಮೂಲೆಯಲ್ಲಿ ಅದೇ ಲೆಕ್ಕ ಓಡುತ್ತಿತ್ತು. ನಿಂತ ಸಮಯ: ಒಂದು ಗಂಟೆ ನಲವತ್ತೆರಡು ನಿಮಿಷ. ಶರಣಬಸವನ ಕಣ್ಣು ಅದನ್ನು ಬಿಟ್ಟು ಕದಲಲಿಲ್ಲ.

ಸರ್ವರ್ ಎದ್ದಿತು. ಜನ ಮುಗಿಬಿದ್ದರು. ಹಸಿರು ಗೆರೆ ಏರತೊಡಗಿತು.

ಮತ್ತೆ ಫೋನ್. ಈ ಸಲ ಹೆಂಡತಿ ನಾಗರತ್ನಾ. ದೊಮ್ಮಲೂರಿನ ನರ್ಸಿಂಗ್ ಹೋಮಿನಲ್ಲಿ ಹದಿನಾಲ್ಕು ವರ್ಷ ಪಾಳಿ ಮಾಡಿದವಳು. ಮುಂದಿನ ತಿಂಗಳು ವಯಸ್ಸಿನ ಮಿತಿ ದಾಟುತ್ತಾಳೆ. ಸರ್ಕಾರಿ ನೌಕರಿಗೆ ಇದೇ ಕೊನೆಯ ಅವಕಾಶ. ಕಾಗದಪತ್ರಗಳ ಚೀಲ ಹಿಡಿದು ಊರಿಗೆ ಹೋದವಳ ಅರ್ಜಿ ಇನ್ನೂ ಮಂಡಳಿಗೆ ಮುಟ್ಟಿರಲಿಲ್ಲ.

"ಏನಾತ್ರೀ ನಿಮ್ಮ ಸರ್ವರ್?"

"ಬೀಳಾಕತ್ತದ, ಏಳಾಕತ್ತದ."

"ಅದಕ್ಕೂ ನನ್ನಂಗ ವಯಸ್ಸಾತೇನು, ಹತ್ತು ಹೆಜ್ಜಿಗೊಮ್ಮಿ ಕುಂದರ್ತದ?" ನಗಲು ಹೋದವಳ ದನಿ ಒಡೆಯಿತು. "ಇಲ್ಲಿ ಇನ್ನಾ ಆಗಿಲ್ರಿ. ಮುಂಜಾನಿಂದ ಕಾಯಾಕತ್ತೀನಿ. ನನ್ನ ಹಣೇಬರಾನೇ ಇಷ್ಟು. ಬಂದುಬಿಡ್ಲೇನು?"

"ಬರಬ್ಯಾಡ. ಅಲ್ಲೇ ಇರು. ಐದರ ತನಕ ಉಸಿರು ಹಿಡ್ಕೊಂಡಿರು."

ನಾಲ್ಕು ಐವತ್ತೊಂದು. ಹಸಿರು ಗೆರೆ ಕೆಂಪನ್ನು ಮುಟ್ಟಿತು. ಹನ್ನೆರಡನೆಯ ಸಲ.

ಒಂದು ಗಂಟೆ ಐವತ್ತೊಂದು. ಅವನು ಎಬ್ಬಿಸುವ ಆಜ್ಞೆ ಕೊಟ್ಟ. ಸಾಲುಗಳು ನಿಧಾನವಾಗಿ ಪರದೆಯ ಮೇಲೆ ಹರಿದವು. ಐವತ್ತಾರು. ಐವತ್ತೆಂಟು. ಕುಳಿತಿರಲಾಗದೆ ಎದ್ದು ನಿಂತ.

ಎರಡು ಗಂಟೆ.

ನೆಲದ ಮೇಲೆಯೇ ಕುಳಿತ. ಕಾಲು ಗಂಟೆಯಲ್ಲಿ ಮಂಡಳಿಯ ಪ್ರಕಟಣೆ ಹೊರಬಿತ್ತು: ಕೊನೆಯ ದಿನಾಂಕ ಮೂರು ದಿನ ಮುಂದಕ್ಕೆ.

ಕಲೀಮುಲ್ಲಾ ಫೋನ್ ಮಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೋಗ್ಲಿ ಬಿಡು. ತಪ್ಪು ನಂದೇ ಅಂತ ಬರ್ಕೊಟ್ಟೆ. ನಿನ್ನ ಹೆಸರು ಎಲ್ಲೂ ಬರಲ್ಲ."

"ಸಾರ್, ಯಾಕೆ..."

"ಬೆಳಿಗ್ಗೆಯಿಂದ ಒಬ್ನೇ ಒದ್ದಾಡ್ತಿದೀಯಲ್ಲ, ನೋಡಿಲ್ವಾ ನಾನು? ಊಟ ಮಾಡು ಹೋಗು."

ಶರಣಬಸವ ಕಲಬುರಗಿಯ ತಹಶೀಲ್ದಾರ್ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದ ಹೆಂಡತಿಗೆ ಕರೆ ಮಾಡಿದ.

"ಮೂರು ದಿನ ಸಿಕ್ತು ನೋಡು. ನಾಳಿಗಿ ಸಾಹೇಬ್ರು ರಜಾ ಮುಗಿಸಿ ಬಂದ ಕೂಡ್ಲೇ ಮೀಸಲಾತಿ ಪತ್ರಕ್ಕ ಸಹಿ ಹಾಕಿಸ್ಕೊಂಡೇ ಬಾ."

ಫೋನಿಟ್ಟು, ಬೆಳಿಗ್ಗೆ ತನ್ನ ಕೈಯಾರೆ ಕಾಲು ಭಾಗಕ್ಕೆ ಇಳಿಸಿದ್ದ ಮೆಮೊರಿಯ ಮಿತಿಯನ್ನು ಶರಣಬಸವ ಮೊದಲಿದ್ದಲ್ಲಿಗೆ ಏರಿಸಿದ.