ಸೀಸರನ ಮುಖ

ಪಾರ್ಕಿನ ಜೂಲಿಯಸ್ ಸೀಸರ್ ಪ್ರತಿಮೆಯನ್ನು ತೆಗೆಸಬೇಕೆಂದು ಹಂಸಿನಿ ಕೈ ಎತ್ತಿದಳು. ನ್ಯೂಜೆರ್ಸಿಯ ಆ ಪುಟ್ಟ ಊರಿನ ಕೌನ್ಸಿಲ್‌ನಲ್ಲಿ ಅವಳದೇ ಕೊನೆಯ ಮತ, ಅದೇ ನಿರ್ಣಾಯಕ.

"ಯೆಸ್, ಅಮ್ಮಾ!" ಹಿಂದಿನ ಸಾಲಿನಿಂದ ಮಗಳು ತನ್ವಿ ಚಪ್ಪಾಳೆ ತಟ್ಟಿದಳು. ಲಕ್ಷಾಂತರ ಜನರನ್ನು ಗುಲಾಮರನ್ನಾಗಿಸಿದವನಿಗೆ ಗೌರವವೇಕೆಂದು ಮನೆಮನೆ ಸುತ್ತಿ ಸಹಿ ಹಾಕಿಸಿದವಳು ಅವಳೇ.

ಪ್ರತಿಮೆ ಕೆತ್ತಿದ ಶಿಲ್ಪಿಯ ಮಗ, ಎಂಬತ್ತು ದಾಟಿದ ಸಾಲ್ವತೋರೆ, ಕುರ್ಚಿ ಹಿಡಿದು ಎದ್ದರು. "ತಲೆಯನ್ನಷ್ಟೇ ನನಗೆ ಕೊಡ್ತೀರಾ? ಸೀಸರ್ ಹೇಗಿದ್ದ ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ ನಮ್ಮಣ್ಣನ ಮುಖವನ್ನೇ ಕೆತ್ತಿಬಿಟ್ರು."

"ಮೊದಲೇ ಯಾಕೆ ಹೇಳಲಿಲ್ಲ?" ಹಂಸಿನಿ ಕೇಳಿದಳು.

"ಹೇಳಿದ್ರೆ ನನ್ನ ಮೇಲಿನ ಕನಿಕರಕ್ಕೆ ವೋಟ್ ಹಾಕ್ತಿದ್ರಿ."

ತನ್ವಿಯ ಚಪ್ಪಾಳೆ ನಿಂತಿತು. ಹಂಸಿನಿ ಮತ ಬದಲಿಸಲಿಲ್ಲ. ಆದರೆ ಮಗಳ ಕಡೆ ತಿರುಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.