ಹಣಮಮ್ಮನ ಹಿತ್ತಾಳೆ

೨೦೨೪ರ ನವೆಂಬರ್ ೧೧, ಸೋಮವಾರ. ತೀರಿಕೊಂಡ ಹಣಮಮ್ಮನ ಚಂದಾಪುರದ ಮನೆಯಲ್ಲಿದ್ದ ಹಿತ್ತಾಳೆ ಸಾಮಾನು ಇನ್ನೂರ ಹನ್ನೆರಡು. ಮಂಗಳವಾರ ಎಣಿಸಿದರೆ ಇನ್ನೂರ ಇಪ್ಪತ್ತೊಂಬತ್ತು.

ಸಂಗಮೇಶ್ವರ ಮೂರು ಸಲ ಎಣಿಸಿದ. ಆದಿತ್ಯನಗರದ ಲಾರಿ ಕಾಟಾದಲ್ಲಿ ಇಪ್ಪತ್ತೆಂಟು ವರ್ಷ ತೂಕ ಬರೆದು ನಿವೃತ್ತನಾದವನು. ಕೂಡುವುದರಲ್ಲಿ ತಪ್ಪುವ ಮನುಷ್ಯನಲ್ಲ. ಸತ್ತವರ ಮನೆಯಲ್ಲಿ ಸಾಮಾನು ಕಡಿಮೆಯಾಗುವುದನ್ನು ಅವನು ಕಂಡಿದ್ದ. ಹೆಚ್ಚಾಗುವುದನ್ನು ಕಂಡಿರಲಿಲ್ಲ.

ಮಕ್ಕಳಿಲ್ಲದ ಚಿಕ್ಕಮ್ಮ ಹಣಮಮ್ಮನಿಗೆ ವಾರಸುದಾರರು ಇಬ್ಬರೇ. ಮೂರು ವರ್ಷದಿಂದ ಇತ್ತ ತಲೆಹಾಕದ ಸಂಗಮೇಶ್ವರ, ಅದೇ ಮೂರು ವರ್ಷ ಜೊತೆಗಿದ್ದು ಆರೈಕೆ ಮಾಡಿದ ತಂಗಿ ನಾಗರತ್ನಾ. ಒಬ್ಬರಿಗೆ ಮನೆ, ಇನ್ನೊಬ್ಬರಿಗೆ ಸಾಮಾನು ಎಂದು ತೀರ್ಮಾನವಾಗಿತ್ತು. ಮೊದಲು ಆರಿಸುವ ಹಕ್ಕು ಹಿರಿಯನದು. ಮನೆಗೆ ಪಕ್ಕದ ಅಂಗಡಿಯ ಮುಜೀಬ ಒಂದು ಲಕ್ಷ ನಲವತ್ತು ಸಾವಿರ ಕೊಡಲು ಸಿದ್ಧನಿದ್ದ. ಆದರೆ ಸಂಗಮೇಶ್ವರ ಸೇಡಂನಲ್ಲಿ ಹಿಡಿದ ಪ್ಲಾಟಿಗೆ ಶುಕ್ರವಾರದೊಳಗೆ ಕಟ್ಟಬೇಕಾದದ್ದು ಒಂದು ಲಕ್ಷ ನಲವತ್ತೈದು ಸಾವಿರ. ಕಟ್ಟದಿದ್ದರೆ ಮುಂಗಡ ಕೊಟ್ಟ ಐವತ್ತು ಸಾವಿರವೂ ಹೋಗುತ್ತದೆ. ಐದು ಸಾವಿರದ ಕೊರತೆ ಅವನ ನಿದ್ದೆ ಕೆಡಿಸಿತ್ತು.

ಬೆಲೆ ಕಟ್ಟಲು ಶಹಾಬಾದಿನಿಂದ ಹಳೇ ಸಾಮಾನಿನ ವ್ಯಾಪಾರಿ ಜಹಾಂಗೀರ ಬಂದಿದ್ದ. ಕಿಲೋಗೆ ನಾನೂರು. ಸೋಮವಾರದ ತೂಕ ಮುನ್ನೂರ ಎರಡು ಕಿಲೋ. ಮಂಗಳವಾರದ್ದು ಮುನ್ನೂರ ಇಪ್ಪತ್ತೆಂಟು. ಅಂದರೆ ಒಂದು ಲಕ್ಷ ಮೂವತ್ತೊಂದು ಸಾವಿರದ ಇನ್ನೂರು. ಒಂದೇ ದಿನದಲ್ಲಿ ಹತ್ತು ಸಾವಿರದ ನಾನೂರು ಏರಿದ್ದಕ್ಕೆ ಸಂಗಮೇಶ್ವರನ ಕಾಲು ನೆಲದ ಮೇಲೆ ನಿಲ್ಲದಾಯಿತು.

“ಅಮ್ಮಾವ್ರ ಮನ್ಯಾಗ ಹಿತ್ತಾಳಿ ಎಂದೂ ಖಾಲಿ ಆಗಿಲ್ಲ, ಸಾಹೇಬ್ರೇ,” ಎಂದ ಜಹಾಂಗೀರ, ಅಗಲ ತಟ್ಟೆಯಂಥ ಪರಾತ ಬಡಿದು ನೋಡುತ್ತ.

ಸಾಮಾನು ಹೆಚ್ಚುವ ಕಾರಣ ಸಂಗಮೇಶ್ವರನಿಗೆ ಬುಧವಾರ ಹೊಳೆಯಿತು. ಓಣಿಯ ಹೆಂಗಸರು ಮಾತನಾಡಿಸಲು ಬರುವಾಗ ಸೆರಗಿನಡಿ ಏನನ್ನೋ ಹಿಡಿದು ಹಿತ್ತಲ ಬಾಗಿಲಿಂದ ಬರುತ್ತಿದ್ದರು. ಹೋಗುವಾಗ ಕೈ ಬೀಸಿಕೊಂಡು ಹೋಗುತ್ತಿದ್ದರು. ಕೈಗಡ ಒಯ್ದದ್ದನ್ನು, ಸತ್ತವಳ ಭಯಕ್ಕೆ, ತಂದಿಡುತ್ತಿದ್ದಾರೆ! ಒಂಟಿ ವಿಧವೆಯ ಮನೆಯಲ್ಲಿ ಎಲೆ-ಅಡಿಕೆಯ ಆರು ಪಾನದಾನ, ಹನ್ನೊಂದು ದೇವರ ಗಂಟೆ ಏಕೆಂದು ಅವನು ಕೇಳಿಕೊಳ್ಳಲಿಲ್ಲ. ಪಾತ್ರೆಗಳ ಮೇಲೆ ಕೆತ್ತಿಸಿದ ಹೆಸರುಗಳನ್ನು ಅರದಿಂದ ಉಜ್ಜಿ ಅಳಿಸಿದ್ದನ್ನು ಕಂಡ. ತೂಕ ಕಡಿಮೆಯಾಯಿತಲ್ಲ ಎಂದಷ್ಟೇ ಮರುಗಿದ.

ಬುಧವಾರ ಸಂಜೆಯ ಎಣಿಕೆ ಇನ್ನೂರ ಐವತ್ತನಾಲ್ಕು. ಮುನ್ನೂರ ಎಪ್ಪತ್ತು ಕಿಲೋ. ಒಂದು ಲಕ್ಷ ನಲವತ್ತೆಂಟು ಸಾವಿರ.

“ಸಾಮಾನು ನನಗ, ಮನಿ ನಿನಗ,” ಎಂದ.

ನಾಗರತ್ನಾ ಕಾಗದ, ಪೆನ್ನು ತಂದಿಟ್ಟಳು. “ವಿಚಾರ ಮಾಡು, ಅಣ್ಣಾ. ಸಾಮಾನು ತೊಗೊಂಡ್ರ ಅದರ ಕೊಡೂದು-ತೊಗೊಳ್ಳೂದೂ ನಿಂದ ಆಗ್ತದ.”

“ಆಗ್ಲೇಳವ್ವ. ತೊಗೊಳ್ಳಾಕ ನನಗ ಎಂದೂ ಬ್ಯಾಸರಾಗಿಲ್ಲ.”

ಕೊಡುವ-ತೆಗೆದುಕೊಳ್ಳುವ ಆ ಮಾತನ್ನು ಅವಳು ಕಾಗದದಲ್ಲೂ ಬರೆಸಿದಳು. ಸಂಗಮೇಶ್ವರ ನಗುತ್ತಲೇ ಸಹಿ ಹಾಕಿದ.

ಗುರುವಾರ ಬೆಳಿಗ್ಗೆ ಟೆಂಪೊ ತುಂಬಿತು. ಜಹಾಂಗೀರ ನೋಟುಗಳನ್ನು ಎಣಿಸಿ ಕೊಟ್ಟು ಹೊರಟ. ಟೆಂಪೊ ಮೂಲೆ ತಿರುಗುವ ಹೊತ್ತಿಗೆ ಇಡೀ ಓಣಿ ಅಂಗಳದಲ್ಲಿ ಸಾಲಾಗಿ ನಿಂತಿತ್ತು. ತನ್ನನ್ನು ಬೀಳ್ಕೊಡಲು ಬಂದರೆಂದು ಸಂಗಮೇಶ್ವರ ಕೈ ಮುಗಿದ.

ಮೊದಲಿಗಳಾದ ಆಶಾಬಿ ಒಂದು ಚೀಟಿ ಚಾಚಿದಳು. ಹಣಮಮ್ಮನ ಕೈಬರಹ: ಪರಾತ ಎರಡು, ಪಾನದಾನ ಒಂದು, ಒಟ್ಟು ಒಂಬತ್ತು ಕಿಲೋ.

“ನಮ್ಮ ಮನಿ ಭಾಂಡೆ ನಾವ ಮಾರಿದ್ರ ಓಣ್ಯಾಗ ಮಾನ ಉಳೀತದೇನಪ್ಪಾ?” ಎಂದಳು. “ಹಣಮಮ್ಮಗ ಯಾರೂ ಇಲ್ಲ, ಯಾರ ಮಾನ ಹೋಗ್ಬೇಕು? ಅದಕ್ಕ ಎಲ್ಲಾರದೂ ಆಕಿ ತನ್ನ ಹೆಸರಿಗೇ ಮಾರ್ತಿದ್ಲು. ನನ್ನ ಮೂರು ಸಾವಿರದ ಆರುನೂರು ಕೊಡು.”

ಅವಳ ಹಿಂದೆ ಮಹಾದೇವಮ್ಮ. ಗಂಟೆ ನಾಲ್ಕು, ಕೊಡ ಎರಡು. ಅವಳ ಹಿಂದೆ ಬಸವೇಶ್ವರಿ. ಬೇರೆಯವರ ಎದುರು ಬಾಯಿ ಬಿಡದ ಹೆಂಗಸರು ಇಲ್ಲಿ ಒಬ್ಬರ ಚೀಟಿಯನ್ನು ಒಬ್ಬರು ಇಣುಕಿ ನೋಡಿ ನಗುತ್ತಿದ್ದರು. ಕಾಗದಕ್ಕೆ ಸಹಿ ಬಿದ್ದಿತ್ತು; ಸಂಗಮೇಶ್ವರ ಕೊಡುತ್ತ ಹೋದ, ಅಭ್ಯಾಸಬಲದಿಂದ ಕೂಡುತ್ತಲೂ ಹೋದ. ಹಳೆಯ ಚೀಟಿಗಳು ಹಣಮಮ್ಮನವು, ಇನ್ನೂರ ಹನ್ನೆರಡು ಸಾಮಾನು. ಈ ವಾರದ ನಲವತ್ತೆರಡು ಸಾಮಾನಿನ ಚೀಟಿಗಳಲ್ಲಿ ಮಾತ್ರ ಅಕ್ಷರ ಬೇರೆ, ಮುತ್ತು ಪೋಣಿಸಿದ ಹಾಗೆ ದುಂಡಗೆ. ಮೊತ್ತ ಇನ್ನೂರ ಐವತ್ತನಾಲ್ಕು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕೈಯಲ್ಲಿ ಉಳಿದದ್ದು ಸೊನ್ನೆ.

ಸಾಲು ಕರಗಿತು. ಕೊನೆಗೆ ಒಬ್ಬಳು ಉಳಿದಿದ್ದಳು, ಅದೇ ದುಂಡಗಿನ ಅಕ್ಷರದಲ್ಲಿ ತಾನೇ ಬರೆದ ಚೀಟಿ ಹಿಡಿದು.

“ಹೋದ ತಿಂಗಳು ಚಿಗವ್ವ ನನ್ನ ಹಂಡೆ ಮಾರಿದ್ಲು, ರೊಕ್ಕ ಕೊಡೂದ್ರಾಗ ಹೋದ್ಲು, ಅಣ್ಣಾ,” ಎಂದಳು ನಾಗರತ್ನಾ. “ಎರಡು ಸಾವಿರದ ಮುನ್ನೂರು ನೀ ಇನ್ನಾ ಕೊಡೂದದ.”