ಅಂಚಿನ ಹೆಬ್ಬೆರಳು

ಗುಂಡಿ ಒತ್ತಿದ್ದೇ ತಡ, ಲೇಖನ ಪರದೆಯ ಮೇಲೆ ತೆರೆದುಕೊಂಡಿತು. ಕೆನಡಾದ ಸಸ್ಕಟೂನಿನ ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ, ಬೇರೆ ಗ್ರಂಥಾಲಯಗಳಿಂದ ಲೇಖನ ತರಿಸುವುದು, ಅವರು ಕೇಳಿದ್ದನ್ನು ಸ್ಕ್ಯಾನ್ ಮಾಡಿ ಕಳಿಸುವುದು ಮಾರ್ಲಿಸ್‌ಳ ಕೆಲಸ. ಇಂದಿನಿಂದ ಎಲ್ಲ ವಿಶ್ವವಿದ್ಯಾಲಯಗಳ ಇ-ಪತ್ರಿಕೆಗಳೂ ಎಲ್ಲರಿಗೂ ಸಿಗುತ್ತವೆ. ಯಾರೂ ಯಾರನ್ನೂ ಕೇಳಬೇಕಿಲ್ಲ.

"ನಿನ್ನ ಹ್ಯಾಲಿಫ್ಯಾಕ್ಸ್ ಲೋರ್ನ್ ಕಥೆ ಮುಗೀತು ಬಿಡೆ," ಪಕ್ಕದ ಮೇಜಿನ ಟ್ರೂಡಿ ನಕ್ಕಳು. "ಮುಖಾನೇ ನೋಡಿಲ್ಲ, ಇಬ್ರೂ ಲೇಖನ ಕಳಿಸ್ಕೊಂಡಿದ್ದೇ ಕಳಿಸ್ಕೊಂಡಿದ್ದು!"

ಹ್ಯಾಲಿಫ್ಯಾಕ್ಸ್ ಗ್ರಂಥಾಲಯದಲ್ಲಿ ಇದೇ ಕೆಲಸದಲ್ಲಿದ್ದ ಲೋರ್ನ್ ಕಳಿಸಿದ ಪ್ರತಿ ಸ್ಕ್ಯಾನಿನ ಅಂಚಿನಲ್ಲೂ ಪುಟ ಒತ್ತಿಹಿಡಿದ ಹೆಬ್ಬೆರಳು ಮೂಡಿರುತ್ತಿತ್ತು. ಅವನದೆಂದು ಮಾರ್ಲಿಸ್ ಕಂಡದ್ದು ಅಷ್ಟೇ.

ಅಷ್ಟರಲ್ಲಿ ಲೋರ್ನ್‌ನಿಂದ ಹೊಸ ಕೋರಿಕೆ ಬಂತು. ಟ್ರೂಡಿ ಇಣುಕಿದಳು. "ಅಯ್ಯೋ, ಅವನು ಕೇಳಿರೋ ಲೇಖನ ಈಗ ಅವನಿಗೂ ಅಲ್ಲೇ ಸಿಗತ್ತಲ್ಲೇ! ನಿಮ್ಮಲ್ಲೇ ಇದೆ, ನೋಡ್ಕೊಳ್ಳಿ ಅಂತ ಬರಿ."

ಮಾರ್ಲಿಸ್ ಎದ್ದು ಕಪಾಟಿನಿಂದ ಆ ಲೇಖನವಿದ್ದ ಹಳೆಯ ಸಂಪುಟ ತಂದಳು. ಸ್ಕ್ಯಾನರಿನ ಗಾಜಿನ ಮೇಲೆ ಪುಟ ಒತ್ತಿ, ಸದಾ ಹಿಂದೆಳೆದುಕೊಳ್ಳುತ್ತಿದ್ದ ಹೆಬ್ಬೆರಳನ್ನು ಈ ಸಲ ಪುಟದ ಅಂಚಿನಲ್ಲೇ ಬಿಟ್ಟಳು.